ಒಂದೇ ಕಾರು, ನಾಲ್ಕಾರು ಹೆಸರು: ಹಳೆಯ ಸೆಡಾನ್ ಕೊಳ್ಳುವ ಗಡಿನಾಡಿಗೆ ಯಾವ ಲೆಕ್ಕ?

ಚಿಕ್ಕೋಡಿ: ದೇಶದ ಕಾರು ಮಾರುಕಟ್ಟೆಯಲ್ಲಿ 2025ರಲ್ಲಿ ಎರಡು ಗಮನಾರ್ಹ ಬೆಳವಣಿಗೆಗಳು ನಡೆದವು. ಏಪ್ರಿಲ್‌ನಲ್ಲಿ ಮಾರುತಿ ಸುಜುಕಿಯ ಸಿಯಾಜ್ ಸೆಡಾನ್ ಮಾರಾಟದ ಪಟ್ಟಿಯಿಂದ ಹೊರಬಿತ್ತು. ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ಜಿಎಸ್‌ಟಿ ದರದಲ್ಲಿ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಶೇ 18 ಹಾಗೂ ಅದಕ್ಕಿಂತ ಉದ್ದದ ಕಾರುಗಳಿಗೆ ಶೇ 40 ತೆರಿಗೆ ನಿಗದಿಯಾಯಿತು. ಡಿಕ್ಕಿ ಇರುವ, ಐದು ಜನ ಆರಾಮವಾಗಿ ಕೂರಬಹುದಾದ, ನಾಲ್ಕು ಮೀಟರ್ ಮೀರಿದ ಸಣ್ಣ ಸೆಡಾನ್ ಬೇಕೆನ್ನುವ ಮಧ್ಯಮ ವರ್ಗದ ಕುಟುಂಬಕ್ಕೆ ಹೊಸ ಕಾರಿನ ಆಯ್ಕೆ ಕಿರಿದಾಗಿದೆ. ಸಹಜವಾಗಿಯೇ ಕಣ್ಣು ಹಳೆಯ ಕಾರಿನ ಕಡೆಗೆ ಹೊರಳುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಸೆಡಾನ್ ಕೇವಲ ಪ್ರತಿಷ್ಠೆಯ ವಸ್ತುವಲ್ಲ. ಅಥಣಿ, ಕಾಗವಾಡ, ರಾಯಬಾಗದ ಜನರಿಗೆ ದೊಡ್ಡ ಆಸ್ಪತ್ರೆ ಎಂದರೆ ಮೊದಲು ನೆನಪಾಗುವುದು ಮಿರಜ್. ನಿಪ್ಪಾಣಿ, ಚಿಕ್ಕೋಡಿಯವರಿಗೆ ಕೊಲ್ಹಾಪುರ ಹತ್ತಿರ. ಅಥಣಿಯಿಂದ ತಮ್ಮದೇ ಜಿಲ್ಲಾ ಕೇಂದ್ರ ಬೆಳಗಾವಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸಬೇಕು. ರೋಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಲು, ಮದುವೆ ದಿಬ್ಬಣಕ್ಕೆ, ಕಾಲೇಜಿಗೆ ಮಕ್ಕಳನ್ನು ಬಿಡಲು, ಬಾಡಿಗೆಗೆ ಓಡಿಸಿ ಸಂಸಾರ ನಡೆಸಲು ಸಣ್ಣ ಸೆಡಾನ್ ಇಲ್ಲಿ ಒದಗುತ್ತದೆ. ಕೊಳ್ಳುವ ಪೇಟೆಯೂ ಎರಡು ರಾಜ್ಯಗಳಲ್ಲಿ ಹಂಚಿಹೋಗಿದೆ. ಹೊಸ ಕಾರಿಗೆ ಬೆಳಗಾವಿ, ಹಳೆಯ ಕಾರಿಗೆ ಕೊಲ್ಹಾಪುರ, ಸಾಂಗ್ಲಿ, ಪುಣೆ.

ಈ ಪೇಟೆಯಲ್ಲಿ ಕೊಳ್ಳುಗನನ್ನು ಗೊಂದಲಕ್ಕೆ ಕೆಡಹುವುದು ಹೆಸರು. ಒಂದೇ ಕಾರು ಎರಡು ಕಂಪನಿಗಳ ಲಾಂಛನ ಹೊತ್ತು ಎರಡು ಬೆಲೆಗೆ ನಿಂತಿರುತ್ತದೆ. ಒಂದೇ ಹೆಸರಿನ ಎರಡು ಕಾರುಗಳ ಒಡಲು ಬೇರೆ ಬೇರೆಯಾಗಿರುತ್ತದೆ. ಹೆಸರು ನಂಬಿ ಹಣ ಕೊಟ್ಟವನು ಬಿಡಿಭಾಗಕ್ಕಾಗಿ ಅಲೆಯಬೇಕಾಗುತ್ತದೆ, ಇಲ್ಲವೇ ಇಲ್ಲದ ಸುರಕ್ಷತೆಯನ್ನು ಇದೆ ಎಂದು ಭಾವಿಸಿ ಹೆದ್ದಾರಿಗೆ ಇಳಿಯುತ್ತಾನೆ. ಇದನ್ನು ಅರ್ಥ ಮಾಡಿಕೊಳ್ಳಲು ಕರ್ನಾಟಕದಲ್ಲೇ ತಯಾರಾದ ಒಂದು ಕಾರಿನ ಕಥೆ ಸಾಕು.

ಬಿಡದಿಯ ಯಾರಿಸ್, ಬ್ಯಾಂಕಾಕ್‌ನ ಅತಿವ್

ಟೊಯೋಟಾ ಕಂಪನಿ ತನ್ನ ಸಣ್ಣ ಸೆಡಾನ್‌ಗೆ ಇಟ್ಟಷ್ಟು ಹೆಸರುಗಳನ್ನು ಬೇರೆ ಯಾವ ಕಾರಿಗೂ ಇಟ್ಟಿರಲಿಕ್ಕಿಲ್ಲ. 1999ರಲ್ಲಿ ಜಪಾನಿನಲ್ಲಿ ಅದು ಪ್ಲಾಟ್ಜ್ ಎಂಬ ಹೆಸರಿನಲ್ಲಿ ಬಂತು. ಅದೇ ಕಾರು ಅಮೆರಿಕಕ್ಕೆ ಹೋದಾಗ ಎಕೋ ಆಯಿತು. 2005ರಲ್ಲಿ ಮುಂದಿನ ಪೀಳಿಗೆ ಬಂದಾಗ ಜಪಾನಿನಲ್ಲಿ ಬೆಲ್ಟಾ, ಅಮೆರಿಕದಲ್ಲಿ ಯಾರಿಸ್, ಆಗ್ನೇಯ ಏಷ್ಯಾ ಮತ್ತು ಚೀನಾದಲ್ಲಿ ವಿಯೋಸ್ ಎಂಬ ಮೂರು ಹೆಸರುಗಳಲ್ಲಿ ಮಾರಾಟವಾಯಿತು. 2012ರಲ್ಲಿ ಜಪಾನಿನಲ್ಲಿ ಬೆಲ್ಟಾ ನಿಂತಿತು. ವಿಯೋಸ್ ಮಾತ್ರ 2013ರಲ್ಲಿ ಹೊಸ ರೂಪ ಪಡೆದು ಮುಂದುವರಿಯಿತು. 2017ರಲ್ಲಿ ಥಾಯ್ಲೆಂಡ್‌ನಲ್ಲಿ ಅದರದೇ ಸಹೋದರ ಯಾರಿಸ್ ಅತಿವ್ ಬಂತು.

ಈ ಕುಟುಂಬದ ಕುಡಿಯೇ 2018ರ ಮೇ ತಿಂಗಳಲ್ಲಿ ಭಾರತಕ್ಕೆ ಯಾರಿಸ್ ಎಂಬ ಹೆಸರಿನಲ್ಲಿ ಕಾಲಿಟ್ಟಿತು. ತಯಾರಾದದ್ದು ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. 1.5 ಲೀಟರ್ ಪೆಟ್ರೋಲ್ ಎಂಜಿನ್, 107 ಅಶ್ವಶಕ್ತಿ, ಸುಮಾರು 4.4 ಮೀಟರ್ ಉದ್ದ, 8.75 ಲಕ್ಷ ರೂಪಾಯಿ ಆರಂಭಿಕ ಷೋರೂಂ ಬೆಲೆ. ಹೋಂಡಾ ಸಿಟಿ, ಹುಂಡೈ ವೆರ್ನಾ, ಮಾರುತಿ ಸಿಯಾಜ್‌ಗಳ ಎದುರು ಅದು ನಿಲ್ಲಬೇಕಿತ್ತು. ಆದರೆ ಡೀಸೆಲ್ ಎಂಜಿನ್ ಇರಲಿಲ್ಲ. ಕೊಳ್ಳುಗರು ಆಗಲೇ ಎತ್ತರದ ಎಸ್‌ಯುವಿಗಳತ್ತ ಮುಖ ಮಾಡಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಕಂಪನಿ ಯಾರಿಸ್ ಮಾರಾಟ ನಿಲ್ಲಿಸಿತು. ಮೂರೂವರೆ ವರ್ಷವೂ ತುಂಬಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಭಾರತದಲ್ಲಿ ಸೋತದ್ದು ಯಾರಿಸ್ ಎಂಬ ಸೆಡಾನ್. ಅದೇ ವಂಶದ ವಿಯೋಸ್ ಆಗ್ನೇಯ ಏಷ್ಯಾದಲ್ಲಿ ಮಾರಾಟವಾಗುತ್ತಲೇ ಇತ್ತು. 2022ರಲ್ಲಿ ಅದರ ಹೊಸ ಪೀಳಿಗೆಯೂ ಬಂತು. ಆದ್ದರಿಂದ ‘ನಿಂತುಹೋದ ಕಾರು, ಬಿಡಿಭಾಗ ಸಿಗದು’ ಎಂಬ ಸಂತೆಯ ಮಾತು ಈ ಕಾರಿನ ಮಟ್ಟಿಗೆ ಪೂರ್ಣ ಸತ್ಯವಲ್ಲ. ಹೆಸರು ಇಲ್ಲಿ ಅಳಿದಿದ್ದರೂ ಕಾರಿನ ವಂಶ ಬೇರೆಡೆ ಉಳಿದಿದೆ.

ಬಿಡದಿಯ ಕಾರ್ಖಾನೆಗೂ ಬೆಳಗಾವಿ ಸೀಮೆಗೂ ಒಂದು ಹಳೆಯ ನಂಟಿದೆ. ಟೊಯೋಟಾ ಜತೆ 1997ರಲ್ಲಿ ಕೈಜೋಡಿಸಿದ್ದು ಕಿರ್ಲೋಸ್ಕರ್ ಸಮೂಹ. ಆ ಮನೆತನದ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರ್‌ವಾಡಿ ಕಟ್ಟಿ, ಕಬ್ಬಿಣದ ನೇಗಿಲು ಮಾಡಿ ರೈತರಿಗೆ ಮಾರಿದವರು ಅವರು. ಕೃಷ್ಣಾ ತೀರದ ಹೊಲಗಳಿಗೆ ಅವರ ನೇಗಿಲು ಹೊಸದಲ್ಲ. ಅವರ ಮರಿಮಗ ವಿಕ್ರಮ್ ಕಿರ್ಲೋಸ್ಕರ್ 2022ರ ನವೆಂಬರ್‌ನಲ್ಲಿ ನಿಧನರಾಗುವವರೆಗೆ ಬಿಡದಿ ಕಂಪನಿಯ ಉಪಾಧ್ಯಕ್ಷರಾಗಿದ್ದರು.

ಹೆಸರು ಬದಲಿಸುವುದೇಕೆ?

ಕಾರು ಕಂಪನಿಗಳು ಹೆಸರು ಬದಲಿಸುವುದಕ್ಕೆ ಸ್ಥೂಲವಾಗಿ ನಾಲ್ಕು ಕಾರಣಗಳಿವೆ. ಮೊದಲನೆಯದು ಕಾನೂನು. ಒಂದು ದೇಶದಲ್ಲಿ ಒಂದು ಹೆಸರನ್ನು ಬೇರೊಬ್ಬರು ಮೊದಲೇ ನೋಂದಾಯಿಸಿದ್ದರೆ ಅದನ್ನು ಬಳಸುವಂತಿಲ್ಲ. ಎರಡನೆಯದು ಭಾಷೆ. ಒಂದು ನಾಡಿನಲ್ಲಿ ಇಂಪಾದ ಶಬ್ದ ಇನ್ನೊಂದು ನಾಡಿನಲ್ಲಿ ಅಪಹಾಸ್ಯಕ್ಕೆ ಗುರಿಯಾಗಬಹುದು. ಮೂರನೆಯದು ಪ್ರತಿಷ್ಠೆಯ ಲೆಕ್ಕ. ಒಂದು ಹೆಸರು ಒಂದು ದೇಶದಲ್ಲಿ ಸೋತಿದ್ದರೆ ಅಥವಾ ಅಗ್ಗದ ಕಾರು ಎನ್ನಿಸಿಕೊಂಡಿದ್ದರೆ ಹೊಸ ಹೆಸರಿನೊಂದಿಗೆ ಮತ್ತೆ ಬರುವುದು ಸುಲಭ. ನಾಲ್ಕನೆಯದು ಪಾಲುದಾರಿಕೆ. ಎರಡು ಕಂಪನಿಗಳು ಸೇರಿ ಒಂದೇ ಕಾರು ಮಾಡಿ, ತಮ್ಮ ತಮ್ಮ ಲಾಂಛನ ಅಂಟಿಸಿ, ತಮ್ಮ ತಮ್ಮ ಅಂಗಡಿಯಲ್ಲಿ ಮಾರುತ್ತವೆ.

ಭಾರತದ ರಸ್ತೆಯಲ್ಲಿ ಹೆಚ್ಚು ಕಾಣುವುದು ಈ ನಾಲ್ಕನೆಯ ಬಗೆ. ನಿಸಾನ್ ಸನ್ನಿ 2011ರಲ್ಲಿ ಬಂತು. ಮರುವರ್ಷವೇ ಅದೇ ಕಾರು ಮುಖ ತುಸು ಬದಲಿಸಿಕೊಂಡು ರೆನೋ ಸ್ಕಾಲಾ ಆಯಿತು. ಎರಡೂ ತಯಾರಾದದ್ದು ಚೆನ್ನೈ ಬಳಿಯ ಒರಗಡಂನ ಒಂದೇ ಕಾರ್ಖಾನೆಯಲ್ಲಿ. ಆ ಕಾರಿನ ಬಂಧುಗಳು ಅಮೆರಿಕದಲ್ಲಿ ವರ್ಸಾ, ಜಪಾನಿನಲ್ಲಿ ಲಾಟಿಯೊ, ಥಾಯ್ಲೆಂಡ್‌ನಲ್ಲಿ ಅಲ್ಮೇರಾ. ಪುಣೆ ಬಳಿಯ ಚಾಕಣದಲ್ಲಿ ಫೋಕ್ಸ್‌ವ್ಯಾಗನ್ ವೆಂಟೋ ಮತ್ತು ಸ್ಕೋಡಾ ರ‍್ಯಾಪಿಡ್ ಕಾರುಗಳು ಅಕ್ಕಪಕ್ಕದಲ್ಲೇ ಜೋಡಣೆಯಾದವು. ಅದೇ ವೆಂಟೋ ರಷ್ಯಾದಲ್ಲಿ ಪೊಲೊ ಸೆಡಾನ್ ಎಂದು ಮಾರಾಟವಾಗಿದೆ. ಚಾಕಣದಿಂದ ಹಡಗೇರಿದ ವೆಂಟೋ ಮೆಕ್ಸಿಕೊ ತಲುಪಿದೆ. ಫೋರ್ಡ್ ಆಸ್ಪೈರ್ ದಕ್ಷಿಣ ಆಫ್ರಿಕದಲ್ಲಿ ಫಿಗೊ ಸೆಡಾನ್ ಆಗಿತ್ತು.

ಇವೆಲ್ಲಕ್ಕಿಂತ ಸ್ವಾರಸ್ಯಕರವಾದದ್ದು ಲೋಗನ್ ಕಥೆ. 2004ರಲ್ಲಿ ರುಮೇನಿಯಾದಲ್ಲಿ ಡೇಸಿಯಾ ಲೋಗನ್ ಎಂದು ಹುಟ್ಟಿದ ಈ ಕಾರು ರಷ್ಯಾ, ಬ್ರೆಜಿಲ್‌ಗಳಲ್ಲಿ ರೆನೋ ಲೋಗನ್, ಇರಾನ್‌ನಲ್ಲಿ ಟೊಂಡಾರ್, ಮೆಕ್ಸಿಕೊದಲ್ಲಿ ನಿಸಾನ್ ಅಪ್ರಿಯೊ. 2007ರಲ್ಲಿ ಮಹೀಂದ್ರಾ–ರೆನೋ ಜಂಟಿ ಕಂಪನಿ ಅದನ್ನು ನಾಸಿಕ್‌ನಲ್ಲಿ ತಯಾರಿಸಿ ಭಾರತಕ್ಕೆ ಪರಿಚಯಿಸಿತು. 2010ರಲ್ಲಿ ಪಾಲುದಾರರು ಬೇರೆಯಾದರು. ಕಾರು ಮಹೀಂದ್ರಾ ಪಾಲಿಗೆ ಬಂತು. 2011ರಲ್ಲಿ ಅದರ ಹೆಸರು ವೆರಿಟೊ ಎಂದಾಯಿತು. ಬಾಡಿಗೆ ಚಾಲಕರು ಆ ಕಾರನ್ನು ಮೆಚ್ಚಿದ್ದು ಅದರ ಡೀಸೆಲ್ ಎಂಜಿನ್ನಿಗೆ. ಆ 1.5 ಲೀಟರ್ ರೆನೋ ಎಂಜಿನ್ನಿನ ಕುಟುಂಬವೇ ಸನ್ನಿ, ಸ್ಕಾಲಾ ಮತ್ತು ಡಸ್ಟರ್ ಕಾರುಗಳಲ್ಲೂ ಇತ್ತು. ನಾಲ್ಕು ಹೆಸರು, ಮೂರು ಕಂಪನಿ, ಎಂಜಿನ್ ಕುಟುಂಬ ಒಂದೇ.

ಇಟಿಯೋಸ್: ಅಳತೆಪಟ್ಟಿಯ ಮುಂದೆ

ಯಾರಿಸ್‌ಗಿಂತ ಮೊದಲೇ ಬಿಡದಿಯಲ್ಲಿ ಹುಟ್ಟಿದ ಸಣ್ಣ ಸೆಡಾನ್ ಇಟಿಯೋಸ್. 2010ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಈ ಕಾರಿಗಾಗಿಯೇ ಬಿಡದಿಯಲ್ಲಿ ಎರಡನೆಯ ಘಟಕ ಎದ್ದಿತು. ಆರಂಭಿಕ ಬೆಲೆ 4.96 ಲಕ್ಷ ರೂಪಾಯಿ. ಭಾರತದಂಥ ಮಾರುಕಟ್ಟೆಗಳಿಗೆಂದೇ ರೂಪಿಸಿದ ಕಾರು ಅದು. ಬಿಡದಿಯಿಂದ ದಕ್ಷಿಣ ಆಫ್ರಿಕಕ್ಕೂ ರಫ್ತಾಯಿತು. ಬ್ರೆಜಿಲ್‌ನಲ್ಲಿ ಅದರ ತಯಾರಿಕೆಗೆ ಪ್ರತ್ಯೇಕ ಕಾರ್ಖಾನೆ ಬಂತು. ಡಿಕ್ಕಿಯಿಲ್ಲದ ರೂಪ ನಮ್ಮಲ್ಲಿ ಲಿವಾ, ಇಂಡೊನೇಷ್ಯಾದಲ್ಲಿ ವಾಲ್ಕೊ.

ಇಟಿಯೋಸ್‌ನ ಹಾದಿ ತಿರುವು ಪಡೆದದ್ದು ತೆರಿಗೆ ನಿಯಮದಿಂದ. 2006ರ ಕೇಂದ್ರ ಬಜೆಟ್ ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿತು. ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಎಂಜಿನ್ 1,500 ಸಿಸಿ ಮೀರಬಾರದು ಎಂಬುದು ಷರತ್ತು. ಈ ಗೆರೆ ಕಂಡ ಕಂಪನಿಗಳು ಕಾರಿನ ಬಾಲ ಕತ್ತರಿಸತೊಡಗಿದವು. 2008ರಲ್ಲಿ ಟಾಟಾ ಇಂಡಿಗೊ ಸಿಎಸ್, 2012ರಲ್ಲಿ ಮಾರುತಿ ಡಿಜೈರ್ ನಾಲ್ಕು ಮೀಟರಿನೊಳಗೆ ಕುಗ್ಗಿದವು. ಹೊಸ ಡಿಜೈರ್ ಉದ್ದ 3,995 ಮಿಲಿಮೀಟರ್, ಅಂದರೆ ಗೆರೆಗಿಂತ ಐದು ಮಿಲಿಮೀಟರ್ ಕಡಿಮೆ. ಇಟಿಯೋಸ್ ಸೆಡಾನ್ 4,265 ಮಿಲಿಮೀಟರ್ ಇತ್ತು. ಟೊಯೋಟಾ ಅದನ್ನು ಕತ್ತರಿಸಲಿಲ್ಲ.

ಪರಿಣಾಮ, ಮನೆಬಳಕೆಯ ಕೊಳ್ಳುಗ ಡಿಜೈರ್ ಕಡೆಗೆ ನಡೆದ. ಇಟಿಯೋಸ್ ಬಹುಮಟ್ಟಿಗೆ ಹಳದಿ ಫಲಕದ ಕಾರಾಯಿತು. ವಿಶಾಲ ಡಿಕ್ಕಿ, ಗಟ್ಟಿ ಎಂಜಿನ್, ಕಡಿಮೆ ದುರಸ್ತಿ, ಇವು ಬಾಡಿಗೆ ಚಾಲಕನಿಗೆ ಬೇಕಾದ ಗುಣಗಳು. 2020ರ ಏಪ್ರಿಲ್ 1ರಂದು ಬಿಎಸ್–6 ಮಾಲಿನ್ಯ ನಿಯಮ ಜಾರಿಯಾದಾಗ ಇಟಿಯೋಸ್ ಕಥೆ ಮುಗಿಯಿತು. ಥಾಯ್ಲೆಂಡ್‌ನಲ್ಲೂ ಇಂಥದ್ದೇ ನಡೆದಿದೆ. ಅಲ್ಲಿನ ‘ಇಕೊ ಕಾರ್’ ತೆರಿಗೆ ರಿಯಾಯಿತಿಗೆ ತಕ್ಕಂತೆ ಯಾರಿಸ್ ಅತಿವ್‌ಗೆ 1.2 ಲೀಟರ್ ಎಂಜಿನ್ ಬಂದರೆ, ಭಾರತದ ಯಾರಿಸ್‌ಗೆ 1.5 ಲೀಟರ್ ಎಂಜಿನ್ ಬಂತು. ಸರ್ಕಾರದ ತೆರಿಗೆ ಹೆಸರನ್ನು ನೋಡುವುದಿಲ್ಲ, ಅಳತೆಯನ್ನು ನೋಡುತ್ತದೆ. ಹಳೆಯ ಕಾರು ಕೊಳ್ಳುವವನೂ ಹಾಗೆಯೇ ನೋಡುವುದು ಲೇಸು.

ಹೆಸರು ಒಂದು, ಕಾರು ಮೂರು

ಒಂದು ಕಾರಿಗೆ ಹಲವು ಹೆಸರಿರುವುದು ಸಮಸ್ಯೆಯ ಅರ್ಧ ಭಾಗ ಮಾತ್ರ. ಒಂದು ಹೆಸರಿಗೆ ಹಲವು ಕಾರುಗಳಿರುವುದು ಇನ್ನರ್ಧ. ಯಾರಿಸ್ ಎಂದರೆ ಯೂರೋಪಿನಲ್ಲಿ ಡಿಕ್ಕಿಯಿಲ್ಲದ ಪುಟ್ಟ ಕಾರು. ಭಾರತದಲ್ಲಿ ವಿಯೋಸ್ ವಂಶದ ಸೆಡಾನ್. ಅಮೆರಿಕದಲ್ಲಿ 2016ರಿಂದ 2020ರವರೆಗೆ ಆ ಹೆಸರು ಹೊತ್ತ ಸೆಡಾನ್ ವಾಸ್ತವದಲ್ಲಿ ಮೆಕ್ಸಿಕೊದಲ್ಲಿ ತಯಾರಾದ ಮಾಜ್ದಾ ಕಾರು.

ಬೆಲ್ಟಾ ಎಂಬ ಹೆಸರಿನ ಪಯಣವೂ ಹಾಗೆಯೇ ಇದೆ. ಜಪಾನಿನಲ್ಲಿ 2012ರವರೆಗೆ ಅದು ಟೊಯೋಟಾದ ಸ್ವಂತ ಕಾರು. ಟೊಯೋಟಾ ಮತ್ತು ಸುಜುಕಿ ಕೈಜೋಡಿಸಿದ ಬಳಿಕ, ಮಾರುತಿಯ ಸಿಯಾಜ್‌ಗೆ ಟೊಯೋಟಾ ಲಾಂಛನ ಅಂಟಿಸಿ ಬೆಲ್ಟಾ ಎಂಬ ಹೆಸರಿನಲ್ಲಿ ಭಾರತದಿಂದ ಮಧ್ಯಪ್ರಾಚ್ಯ ಮತ್ತು ಆಫ್ರಿಕದ ಕೆಲವು ಮಾರುಕಟ್ಟೆಗಳಿಗೆ ಕಳುಹಿಸಲಾಯಿತು. ಯಾರಿಸ್ ಜಾಗದಲ್ಲಿ ಅದು ಭಾರತಕ್ಕೂ ಬರಲಿದೆ ಎಂಬ ನಿರೀಕ್ಷೆ ಹುಸಿಯಾಯಿತು. ಸಿಯಾಜ್‌ಗೆ ಚೀನಾದಲ್ಲಿ ಅಲಿವಿಯೊ ಎಂಬ ಮೂರನೆಯ ಹೆಸರೂ ಇತ್ತು. 2014ರ ಅಕ್ಟೋಬರ್‌ನಲ್ಲಿ ಬಂದ ಸಿಯಾಜ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದು ನಿಂತಿದೆ. ಕಾರಿನ ಸಂಖ್ಯೆಯಲ್ಲಿ, ಬಿಡಿಭಾಗದ ಲಭ್ಯತೆಯಲ್ಲಿ, ಊರೂರಿನ ಮೆಕ್ಯಾನಿಕ್‌ಗಳಿಗೆ ಇರುವ ಪರಿಚಯದಲ್ಲಿ ಅದು ಯಾರಿಸ್‌ಗಿಂತ ಮುಂದಿದೆ.

ಗಡಿನಾಡಿಗೆ ಹೆಸರಿನ ಈ ಆಟ ತೀರಾ ಹೊಸದಲ್ಲ. ಬೆಳಗಾಂ ಎಂಬುದು 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಳಗಾವಿ ಆಯಿತು. ಬಿಡದಿ ಇರುವ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಊರಿನ ಹೆಸರಿಗೆ ಭಾಷೆ, ಇತಿಹಾಸ, ಅಭಿಮಾನ ಅಂಟಿಕೊಂಡಿರುತ್ತವೆ. ಕಾರಿನ ಹೆಸರಿಗೆ ಅಂಥ ಬೇರುಗಳಿಲ್ಲ. ಅದು ಮಾರಾಟ ವಿಭಾಗದ ತೀರ್ಮಾನ ಮಾತ್ರ. ಆದರೂ ಸಂತೆಯಲ್ಲಿ ಅದಕ್ಕೆ ಬೆಲೆ ಕಟ್ಟಲಾಗುತ್ತದೆ.

ಏರ್‌ಬ್ಯಾಗ್ ಎಣಿಸಿ ನೋಡಬೇಕು

ಹೆಸರನ್ನು ನಂಬುವುದರ ನಿಜವಾದ ಅಪಾಯ ಇರುವುದು ಸುರಕ್ಷತೆಯಲ್ಲಿ. ಯಾರಿಸ್ ಇದಕ್ಕೆ ಸ್ಪಷ್ಟ ಉದಾಹರಣೆ. ಆಗ್ನೇಯ ಏಷ್ಯಾದ ಡಿಕ್ಕಿ ಪರೀಕ್ಷೆಯಲ್ಲಿ ಈ ಕುಟುಂಬದ ಕಾರಿಗೆ 5 ನಕ್ಷತ್ರ ಸಿಕ್ಕಿತ್ತು. 2021ರಲ್ಲಿ ಲ್ಯಾಟಿನ್ ಅಮೆರಿಕದ ಪರೀಕ್ಷಾ ಸಂಸ್ಥೆ ಲ್ಯಾಟಿನ್ ಎನ್‌ಕ್ಯಾಪ್, ಬ್ರೆಜಿಲ್ ಮತ್ತು ಥಾಯ್ಲೆಂಡ್‌ನಲ್ಲಿ ತಯಾರಾಗಿ ಅಲ್ಲಿ ಎರಡೇ ಏರ್‌ಬ್ಯಾಗ್‌ಗಳೊಂದಿಗೆ ಮಾರಾಟವಾಗುತ್ತಿದ್ದ ಯಾರಿಸ್‌ಗೆ ಒಂದೇ ನಕ್ಷತ್ರ ಕೊಟ್ಟಿತು. ಪರೀಕ್ಷೆಯ ವಿಧಾನಗಳಲ್ಲಿ ವ್ಯತ್ಯಾಸವಿತ್ತು, ನಿಜ. ಆದರೆ ಕಾರಿನೊಳಗೆ ಅಳವಡಿಸಿದ ಸಲಕರಣೆಯಲ್ಲೂ ವ್ಯತ್ಯಾಸವಿತ್ತು.

ಭಾರತದಲ್ಲೇ ಈ ಹೆಸರಿನೊಳಗೆ ಎರಡು ಬಗೆಗಳಿದ್ದವು. 2018ರಲ್ಲಿ ಬಿಡುಗಡೆಯಾದಾಗ ಅತಿ ಅಗ್ಗದ ಮಾದರಿಯಿಂದ ಹಿಡಿದು ಎಲ್ಲದರಲ್ಲೂ 7 ಏರ್‌ಬ್ಯಾಗ್ ಇದ್ದವು. ಆ ಬೆಲೆಗೆ ಅದು ಅಪರೂಪದ ಸಂಗತಿ. ಬಳಿಕ ಬೆಲೆ ತಗ್ಗಿಸಲು ತಂದ ಮಾದರಿಯೊಂದರಲ್ಲಿ ಅವು 3ಕ್ಕೆ ಇಳಿದವು. ಇಂದು ಹಳೆಯ ಕಾರಿನ ಅಂಗಳದಲ್ಲಿ ಎರಡೂ ಅಕ್ಕಪಕ್ಕ ನಿಂತರೆ ಹೊರನೋಟಕ್ಕೆ ವ್ಯತ್ಯಾಸ ತಿಳಿಯದು. ಹಿಂಬದಿಯ ಅಕ್ಷರಗಳಷ್ಟೇ ಸುಳಿವು.

ಹತ್ತು ವರ್ಷ ಹಿಂದಿನ ಕಾರುಗಳ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದ. ಪಕ್ಕದ ಸೀಟಿನ ಏರ್‌ಬ್ಯಾಗ್ ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಅಗ್ಗದ ಮಾದರಿಗಳಲ್ಲಿ, ಅದರಲ್ಲೂ ಬಾಡಿಗೆಗೆಂದು ಮಾರಿದವುಗಳಲ್ಲಿ, ಒಂದೂ ಇಲ್ಲದಿರಬಹುದು. ಕೊಗನೊಳ್ಳಿ ಟೋಲ್ ದಾಟಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ವೇಗದಲ್ಲಿ ಸಾಗುವ ಕುಟುಂಬಕ್ಕೆ, ಕಬ್ಬಿನ ಹಂಗಾಮಿನಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳ ನಡುವೆ ರಾತ್ರಿ ಅಥಣಿಯಿಂದ ಮಿರಜ್‌ಗೆ ಧಾವಿಸುವ ಚಾಲಕನಿಗೆ ಇದು ಸಣ್ಣ ವಿಷಯವಲ್ಲ.

ಕಾರನ್ನು ಕಂಪನಿ ದುರಸ್ತಿಗೆ ಹಿಂದಕ್ಕೆ ಕರೆಸಿಕೊಳ್ಳುವ ಸಂದರ್ಭದಲ್ಲೂ ಹೆಸರು ಅಡ್ಡಿಯಾಗುತ್ತದೆ. ತಕಾಟಾ ಕಂಪನಿಯ ದೋಷಪೂರಿತ ಏರ್‌ಬ್ಯಾಗ್‌ಗಳಿಗಾಗಿ ಜಗತ್ತಿನಾದ್ಯಂತ ಕೋಟ್ಯಂತರ ಕಾರುಗಳನ್ನು ಕರೆಸಲಾಯಿತು. ಭಾರತದಲ್ಲಿ ಹೋಂಡಾ ಸಿಟಿಯೂ ಅದರಲ್ಲಿತ್ತು. ಇಂಥ ಸುದ್ದಿ ಬರುವುದು ಆಯಾ ದೇಶದ ಹೆಸರಿನಲ್ಲಿ. ಕಾರು ಕರೆಸುವುದು ಮಾತ್ರ ಷಾಸಿ ಸಂಖ್ಯೆ ಮತ್ತು ತಯಾರಿಕೆಯ ತಿಂಗಳ ಆಧಾರದಲ್ಲಿ. ಎರಡು ಕೈ ದಾಟಿ ಬಂದ ಕಾರಿನ ಮಾಲೀಕನಿಗೆ ಕಂಪನಿಯ ಪತ್ರ ತಲುಪುವುದಿಲ್ಲ. ಷಾಸಿ ಸಂಖ್ಯೆ ಹೇಳಿ ಡೀಲರ್ ಬಳಿ ವಿಚಾರಿಸುವ ಕೆಲಸ ಅವನದೇ.

ಎಂಜಿನ್ ಬಲ್ಲವನಿಗೆ ಬಿಡಿಭಾಗ ಸುಲಭ

ಹೆಸರಿನ ಹಿಂದಿನ ಕಾರನ್ನು ಗುರುತಿಸಬಲ್ಲವನಿಗೆ ಲಾಭವೂ ಇದೆ. ಫಿಯೆಟ್ ರೂಪಿಸಿದ 1,248 ಸಿಸಿ ಡೀಸೆಲ್ ಎಂಜಿನ್ ಮಾರುತಿಯಲ್ಲಿ ಡಿಡಿಐಎಸ್, ಟಾಟಾದಲ್ಲಿ ಕ್ವಾಡ್ರಾಜೆಟ್, ಫಿಯೆಟ್‌ನಲ್ಲಿ ಮಲ್ಟಿಜೆಟ್ ಎಂಬ ಹೆಸರುಗಳಲ್ಲಿ ಓಡಿತು. ಸ್ವಿಫ್ಟ್, ಡಿಜೈರ್, ಸಿಯಾಜ್, ಮಾಂಜಾ, ಜೆಸ್ಟ್, ಲೀನಿಯಾ, ಪುಂಟೊ, ಷೆವರ್ಲೆ ಸೇಲ್ ಎಲ್ಲವೂ ಅದರ ಒಡಲಿನವೇ. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿದಾಗ ಸೇಲ್ ಬೆಲೆ ಕುಸಿಯಿತು. ಆದರೆ ಅದರ ಡೀಸೆಲ್ ಎಂಜಿನ್ನಿನ ಒಳಗುಟ್ಟು ಬಲ್ಲ ಮೆಕ್ಯಾನಿಕ್ ಪ್ರತಿ ತಾಲ್ಲೂಕಿನಲ್ಲೂ ಇದ್ದಾನೆ, ಡಿಜೈರ್ ದುರಸ್ತಿ ಮಾಡುವವನೇ ಅವನು.

ಹಾಗೆಂದು ಎಲ್ಲವೂ ಅದಲುಬದಲಾಗುವುದಿಲ್ಲ. ಡಿಜೈರ್‌ನಲ್ಲಿ ಆ ಎಂಜಿನ್ 75 ಅಶ್ವಶಕ್ತಿಯದು, ಸಿಯಾಜ್‌ನಲ್ಲಿ 90 ಅಶ್ವಶಕ್ತಿಯದು. ಎರಡರ ಟರ್ಬೊ ಬೇರೆ, ದರವೂ ಬೇರೆ. ಇಟಿಯೋಸ್ ಮತ್ತು ಯಾರಿಸ್‌ಗಳ 1,496 ಸಿಸಿ ಪೆಟ್ರೋಲ್ ಎಂಜಿನ್ ಒಂದೇ ಕುಟುಂಬದ್ದು. ಒಂದರಲ್ಲಿ 90 ಅಶ್ವಶಕ್ತಿ, ಇನ್ನೊಂದರಲ್ಲಿ 107. ಫಿಲ್ಟರು, ಬೆಲ್ಟು ಹೊಂದಬಹುದೆಂದು ಗ್ಯಾರೇಜಿನಲ್ಲಿ ಹೇಳಿದರೂ ಭಾಗದ ಸಂಖ್ಯೆ ತಾಳೆ ನೋಡಿಯೇ ಕೊಳ್ಳಬೇಕು. ಎಂಜಿನ್ನಿಗಿಂತ ಕಷ್ಟವಾಗುವುದು ಹೊರಮೈ. ಬಂಪರ್, ದೀಪ, ಬಾಗಿಲು, ಗಾಜು ಆಯಾ ಹೆಸರಿಗೇ ಸೀಮಿತ. ಸ್ಕಾಲಾದ ಯಂತ್ರಭಾಗ ಸನ್ನಿಯದಾದರೂ ಮುಂದಿನ ಗ್ರಿಲ್ ಅದರದೇ. ಸಣ್ಣ ಅಪಘಾತವಾದರೆ ಕಾರು ತಿಂಗಳುಗಟ್ಟಲೆ ನಿಲ್ಲುವುದು ಇಂಥ ಭಾಗಕ್ಕಾಗಿಯೇ. ಬಾಡಿಗೆ ನಂಬಿದವನಿಗೆ ನಿಂತ ದಿನವೆಲ್ಲ ನಷ್ಟದ ದಿನ.

ಗಡಿ ದಾಟಿದರೆ ತೆರಿಗೆ

ಎಂಎಚ್–09 ಅಥವಾ ಎಂಎಚ್–10 ಫಲಕದ ಕಾರು ಕೊಲ್ಹಾಪುರ, ಸಾಂಗ್ಲಿಗಳಿಂದ ಬಂದು ಕೆಎ–23ರ ಚಿಕ್ಕೋಡಿ ಸೀಮೆಯಲ್ಲಿ ನೆಲೆಸುವಾಗ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷ ರೂಪಾಯಿ ಬೆಲೆಯ ಹೊಸ ಕಾರಿಗೆ ಜೀವಿತಾವಧಿ ತೆರಿಗೆ ಶೇ 14. ಮಹಾರಾಷ್ಟ್ರದಲ್ಲಿ 10 ಲಕ್ಷದವರೆಗಿನ ಖಾಸಗಿ ಪೆಟ್ರೋಲ್ ಕಾರಿಗೆ 2017ರ ಪರಿಷ್ಕರಣೆಯಂತೆ ಶೇ 11. ಒಂಬತ್ತು ಲಕ್ಷದ ಕಾರಿನಲ್ಲಿ ಉಪಕರ ಬಿಟ್ಟೇ 27 ಸಾವಿರ ರೂಪಾಯಿ ಅಂತರ. ಗಡಿಯಾಚೆ ಹಳೆಯ ಕಾರು ಅಗ್ಗವಾಗಿ ಕಾಣಲು ಇದೂ ಒಂದು ಕಾರಣ.

ಆದರೆ ಆ ಉಳಿತಾಯ ಕಾಗದದ ಮೇಲಿನದು. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ವಾಹನದ ವಯಸ್ಸಿಗೆ ತಕ್ಕಂತೆ ಇಳಿಯುವ ದರದಲ್ಲಿ ಇಲ್ಲಿನ ತೆರಿಗೆ ಕಟ್ಟಬೇಕು. ಹೊರ ರಾಜ್ಯದ ವಾಹನ 30 ದಿನ ಮೀರಿ ರಾಜ್ಯದಲ್ಲಿದ್ದರೆ ಪೂರ್ಣ ತೆರಿಗೆ ಎಂದು ಕರ್ನಾಟಕ 2014ರಲ್ಲಿ ಮಾಡಿದ ತಿದ್ದುಪಡಿಯನ್ನು 2016ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಹನ್ನೆರಡು ತಿಂಗಳ ನಿಯಮ ಉಳಿದಿದೆ. ನಿತ್ಯ ಗಡಿ ದಾಟಿ ದುಡಿಯುವ ಜನರಿರುವ ಈ ಐದು ತಾಲ್ಲೂಕುಗಳಲ್ಲಿ ಈ ನಿಯಮದ ಅರಿವು ಬಹಳ ಮುಖ್ಯ.

ನೋಂದಣಿ ಪತ್ರವೇ ಹೆಸರಿನ ಗೊಂದಲ ಬಿಡಿಸುವ ಮೊದಲ ದಾಖಲೆಯೂ ಹೌದು. ಅದರಲ್ಲಿ ತಯಾರಕ, ಮಾದರಿ, ತಯಾರಿಕೆಯ ತಿಂಗಳು, ಎಂಜಿನ್ ಸಾಮರ್ಥ್ಯ, ಷಾಸಿ ಸಂಖ್ಯೆ ಎಲ್ಲವೂ ಇರುತ್ತವೆ. 17 ಅಕ್ಷರ–ಅಂಕಿಗಳ ಷಾಸಿ ಸಂಖ್ಯೆಯ ಮೊದಲ ಮೂರು ಅಕ್ಷರ ತಯಾರಕನ ಗುರುತು. ‘ಎಂಬಿಜೆ’ ಎಂದರೆ ಟೊಯೋಟಾ ಕಿರ್ಲೋಸ್ಕರ್, ‘ಎಂಎ3’ ಮಾರುತಿ ಸುಜುಕಿ, ‘ಎಂಎಎಲ್’ ಹುಂಡೈ, ‘ಎಂಎಟಿ’ ಟಾಟಾ. ಲಾಂಛನವನ್ನು ಐದು ನಿಮಿಷದಲ್ಲಿ ಬದಲಿಸಬಹುದು. ಷಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಹಾಗೆ ಬದಲಿಸಲಾಗದು. ಆ ಸಂಖ್ಯೆಯನ್ನು ಪತ್ರದೊಂದಿಗೆ ತಾಳೆ ನೋಡದೆ ಮುಂಗಡ ಕೊಡುವುದು ಜಾಣತನವಲ್ಲ.

ಕಾರ್ಖಾನೆಗೂ ಇದೇ ಪಾಠ

ಹೆಸರಿನ ಈ ವ್ಯವಹಾರದಲ್ಲಿ ಕೊಳ್ಳುಗನಷ್ಟೇ ಅಲ್ಲ, ರಾಜ್ಯವೂ ಪಾಲುದಾರ. ಬಿಡದಿಯಲ್ಲಿ ಯಾವ ಕಾರು ತಯಾರಾಗಬೇಕು, ಎಷ್ಟು ದಿನ ತಯಾರಾಗಬೇಕು ಎಂಬ ತೀರ್ಮಾನ ಜಪಾನಿನಲ್ಲಿ, ದೆಹಲಿಯ ತೆರಿಗೆ ಪಟ್ಟಿಯ ಮೇಲೆ ಕಣ್ಣಿಟ್ಟು ನಡೆಯುತ್ತದೆ. ಇಟಿಯೋಸ್‌ಗಾಗಿ ಎದ್ದ ಘಟಕ ಇಟಿಯೋಸ್ ನಿಂತ ಮೇಲೂ ಉಳಿಯಿತು. 2022ರಿಂದ ಬಿಡದಿಯಲ್ಲಿ ಟೊಯೋಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರ ತಯಾರಾಗತೊಡಗಿದವು. ಎರಡು ಕಂಪನಿಯ ಎರಡು ಹೆಸರು, ಒಳಗೆ ಒಂದೇ ಕಾರು. ಸೆಡಾನ್ ಹೋಗಿ ಎಸ್‌ಯುವಿ ಬಂದಿದೆ, ಹೆಸರಿನ ಪದ್ಧತಿ ಮಾತ್ರ ಹಾಗೆಯೇ ಇದೆ. ದುಡಿಯುವ ಕೈಗಳಿಗೆ ಕೆಲಸ ಉಳಿಸಿದ್ದೂ ಈ ಹಂಚಿಕೆಯೇ ಎಂಬುದನ್ನು ಮರೆಯುವಂತಿಲ್ಲ. ಹೆಸರು ಹಂಚಿಕೊಳ್ಳುವುದರಲ್ಲಿ ಮೋಸವಿಲ್ಲ. ಅದು ಖರ್ಚು ತಗ್ಗಿಸುವ ಮಾರ್ಗ. ಆ ಉಳಿತಾಯದ ಪಾಲು ಕೊಳ್ಳುಗನಿಗೂ ಸಿಗಬೇಕೆಂದರೆ ಅವನಿಗೆ ವಿಷಯ ಗೊತ್ತಿರಬೇಕು.

ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ ಕಾರು ಕೊಳ್ಳಲು ಹೊರಡುವ ಕುಟುಂಬಗಳು ಈ ಸೀಮೆಯಲ್ಲಿ ಸಾಕಷ್ಟಿವೆ. ವರ್ಷದ ದುಡಿಮೆಯ ಹಣ ಅದು. ಒಂದೇ ಕಾರ್ಖಾನೆಯ ಎರಡು ಹೆಸರುಗಳಲ್ಲಿ ಕಡಿಮೆ ಬೇಡಿಕೆಯದನ್ನು ಆರಿಸಿಕೊಂಡರೆ ಹತ್ತಾರು ಸಾವಿರ ಉಳಿಯಬಹುದು. ಹೆಸರು ನಂಬಿ ಏರ್‌ಬ್ಯಾಗ್ ಇಲ್ಲದ ಮಾದರಿ ಆರಿಸಿಕೊಂಡರೆ ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ. ಷಾಸಿ ಸಂಖ್ಯೆ, ಮಾದರಿಯ ಅಕ್ಷರ, ಎಂಜಿನ್ನಿನ ಗುರುತು, ಏರ್‌ಬ್ಯಾಗ್‌ಗಳ ಲೆಕ್ಕ, ನಿರಾಕ್ಷೇಪಣಾ ಪತ್ರ, ಈ ಐದನ್ನು ಕೈಯಲ್ಲಿ ಹಿಡಿದ ಮೇಲೆ ದರದ ಮಾತು ಆರಂಭಿಸಿದರೆ ಕಾರಿನ ಮೇಲೆ ಯಾವ ಹೆಸರಿದೆ ಎಂಬುದು ದೊಡ್ಡ ವಿಷಯವಾಗಿ ಉಳಿಯುವುದಿಲ್ಲ.